ಗೆದ್ದಲು ತಿಂದ ದೇವದೂತ

ಸೆಲೆಸ್ಟಿನ್ ಪೊರ್ಬುಗಳ ಸುದ್ದಿ ನಾನು ಮೊದಲು ಕೇಳಿದ್ದು ಮಗಳು ಗ್ರೀಷ್ಮಾ ಮೂಗು ಮುಚ್ಚಿಕೊಂಡು ಒಳಗೆ ಬಂದ ದಿನ. "ಅಮ್ಮಾ, ಹಿಂದಿನ ರೂಮಿಗೆ ಪೈಂಟರ್ ಬಂದಿದ್ದಾರೆ. ಶಿರ್ವದ ಪೊರ್ಬುಗಳಂತೆ. ಇನ್ನು ನಮ್ಮ ಸಾರಿಗೂ ಟರ್ಪಂಟೈನಿನದ್ದೇ ಒಗ್ಗರಣೆ," ಅಂದಳು. ನಮ್ಮ ತುಳುವಿನಲ್ಲಿ ಕ್ರಿಶ್ಚಿಯನ್ನರನ್ನು ಪೊರ್ಬು ಅನ್ನುವುದು. ಅದು ಎರಡು ಸಾವಿರದ ಆರನೇ ಇಸವಿ. ಗಂಡ ಹೋದ ಮೇಲೆ ನಾನು ಗಲ್ಫಿನ ಮುಐದರಿನಲ್ಲಿ ಮಗಳ ಜೊತೆಗಿದ್ದೆ. ಒಂದೇ ವಿಲ್ಲಾದಲ್ಲಿ ಹಲವು ಸಂಸಾರ.

ಅಂಗಡಿಗಳ ಬೋರ್ಡು ಬರೆಯುವುದು ಪೊರ್ಬುಗಳ ಕೆಲಸ. ಅರಬಿ ಓದಲು ಬಾರದು, ಬರೆಯಲು ಬರುತ್ತಿತ್ತು. ಪ್ರಿಂಟ್ ಮಾಡುವ ಮೆಷಿನ್ ಬಂದ ಮೇಲೆ ಅವರನ್ನು ಕರೆಯುವವರೇ ಕಡಿಮೆಯಾದರು. ಹಾಗಾಗಿ ಮಗ ಬ್ರಯನ್‌ನನ್ನು ಊರಿನಿಂದ ಕರೆಸಿ, ಎತ್ತರದ ಕಟ್ಟಡ ಕಟ್ಟುವ ಒಂದು ಕಂಪೆನಿಗೆ ಸೇರಿಸಿದ್ದರು. ಊರಿನ ಮನೆ ನಡೆಯುತ್ತಿದ್ದುದು ಆ ಹುಡುಗನ ಸಂಬಳದಲ್ಲಿ. ಅವನು ಕೆಲಸಗಾರರ ಕ್ಯಾಂಪಿನಿಂದ ಅಪ್ಪನ ಹತ್ತಿರ ಬರುತ್ತಿದ್ದುದು ಶುಕ್ರವಾರ ಮಾತ್ರ.

ಕೆಲಸವಿಲ್ಲದ ಪೊರ್ಬುಗಳು ತಮ್ಮವರು ಪ್ರಾರ್ಥನೆಗೆ ಸೇರುವ ಮನೆಗೆಂದು ಒಂದು ಚಿತ್ರ ಬರೆಯತೊಡಗಿದರು. ಊರಿನ ಇಗರ್ಜಿಯ ಹಳೇ ಕ್ಯಾಲೆಂಡರಿನ ಹಾಳೆ ನೋಡಿ ಬರೆಯುವುದು. ಗಂಜಿ ಕೊಡಲು ಹೋದ ನಾನು ನೋಡಿ ಹೆದರಿದೆ. ಸುತ್ತ ಗಾಢ ಕತ್ತಲೆ. ಗಡ್ಡದ ಮುದುಕನೊಬ್ಬ ಹುಡುಗನ ಕುತ್ತಿಗೆಯನ್ನು ಕಲ್ಲಿಗೆ ಒತ್ತಿ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಚೂರಿ. ಬೆಳಕೆಲ್ಲ ಹುಡುಗನ ಬೆನ್ನಿನ ಮೇಲೆ.

"ಎಂತದು ಪೊರ್ಬುಳೆ, ಮಾಂಸದಂಗಡಿಯ ಬೋರ್ಡಾ?"

"ಅಲ್ಲ ಅಮ್ಮ, ನಮ್ಮ ಅಬ್ರಹಾಮ. ದೇವರು ಕೇಳಿದ ಅಂತ ಮಗನನ್ನೇ ಬಲಿ ಕೊಡ್ಲಿಕ್ಕೆ ಹೊರಟವ. ಕೊನೆಗೆ ದೇವದೂತ ಬಂದು ಕೈ ಹಿಡೀತಾನೆ. ಯುರೋಪಿನವರು ನಾನೂರು ವರ್ಷದ ಹಿಂದೆ ಬರೆದದ್ದು."

"ದೂತ ಎಲ್ಲಿ?"

"ಗೆದ್ದಲು ತಿಂದಿದೆ." ಹಾಳೆಯ ಮೇಲಿನ ಮೂಲೆ ಇರಲೇ ಇಲ್ಲ.

ದೂತನ ಆ ಕೈಯೊಂದನ್ನು ಬರೆದು ಬರೆದು ಅಳಿಸಿದರು. ಒಮ್ಮೆ ನನ್ನ ಕೈ ಚಾಚಿಸಿ, ನೋಡಿ ಬರೆದರು. "ಇದು ಗಂಜಿ ಬಡಿಸುವ ಕೈ ಅಮ್ಮ, ತಡೆಯುವ ಕೈಯಲ್ಲ," ಎಂದು ಅದನ್ನೂ ಒರೆಸಿಬಿಟ್ಟರು.

ಒಂದು ಶುಕ್ರವಾರ ಸಂಜೆ ನಾನು ಗಂಜಿ ಕೊಡಲು ಹೋದಾಗ ಬ್ರಯನ್ ಬನಿಯನ್ ತೆಗೆದು, ಕುತ್ತಿಗೆ ಬಗ್ಗಿಸಿ ಕೂತಿದ್ದ. ಅಪ್ಪ ಅವನ ಬೆನ್ನು ನೋಡಿ ಬರೆಯುತ್ತಿದ್ದರು.

"ಪಪ್ಪಾ, ನಾನಿನ್ನು ಮೇಲೆ ಹತ್ತುವುದಿಲ್ಲ."

"ಅಲುಗಾಡಬೇಡ."

"ಜೊತೆ ಕೆಲಸದ ಕಬೀರ್ ಬಿದ್ದು ಸತ್ತದ್ದು ನನ್ನ ಪಕ್ಕದಿಂದಲೇ. ಈಗ ಕೆಳಗೆ ನೋಡಿದರೆ ಕಾಲು ನಡುಗ್ತದೆ."

"ಎಲ್ಲರಿಗೂ ನಡುಗ್ತದೆ. ಊರಲ್ಲಿ ಒಲೆ ಉರಿಯುವುದು ಬೇಡವಾ?"

ಹೊರಗೆ ಕ್ಯಾಂಪಿನ ಗಾಡಿ ಹಾರ್ನ್ ಹಾಕಿತು. ಅದು ತಪ್ಪಿದರೆ ಕೆಲಸ ಖಲಾಸ್, ಹುಡುಗ ಊರಿಗೆ. ಅವನು ಏಳಲಿಲ್ಲ. ಪೊರ್ಬುಗಳು ಬ್ರಶ್ ಬಿಸಾಡಿ, ಅವನ ಕುತ್ತಿಗೆ ಹಿಡಿದು ನೂಕಿದರು. "ಯಲ್ಲಾ, ಏಳು!"

ಹುಡುಗ ಬಾಗಿಲ ದಾರಂದ ಅಪ್ಪಿಕೊಂಡ. "ಬೇಡ ಪೊರ್ಬುಳೆ," ಅಂದೆ. ಅವರು ಕೈ ತೆಗೆದರು. ಹುಡುಗನ ಕುತ್ತಿಗೆಯಲ್ಲಿ ಬಣ್ಣದ ಬೆರಳಚ್ಚು ಕಪ್ಪಗೆ ಮೂಡಿತ್ತು. ಅದನ್ನೇ ನೋಡುತ್ತ ನಿಂತರು. ಹಾರ್ನ್ ಮತ್ತೊಮ್ಮೆ ಆಯಿತು. ಅವರ ಕೈ ಮತ್ತೆ ಹುಡುಗನತ್ತ ಹೋಯಿತು.

"ಅಮ್ಮಾ, ನನ್ನ ಕೈ ಹಿಡಿಯಿರಿ," ಅಂದರು.

ನಾನು ಗಂಜಿಯ ಪಾತ್ರೆ ಕೆಳಗಿಟ್ಟು, ಮೊದಲಿನಂತೆಯೇ ಚಿತ್ರಕ್ಕೆಂದು ಕೈ ಚಾಚಿದೆ. ತಿಂಗಳೊಳಗೆ ಮಗನ ಹಿಂದೆಯೇ ಅವರೂ ಊರಿಗೆ ಹೋದರು. ಮತ್ತೆ ನನ್ನಲ್ಲಿ ಏನೂ ಕೇಳಿದವರಲ್ಲ. ಕೊನೆಗೆ ಕೇಳಿದ್ದು ಆ ಸಂಜೆ, ಇಷ್ಟೇ.

"ಚಿತ್ರಕ್ಕಲ್ಲ ಅಮ್ಮ. ಗಟ್ಟಿ ಹಿಡಿಯಿರಿ. ಆ ಗಾಡಿ ಹೋಗುವವರೆಗೆ ಬಿಡಬೇಡಿ."