ಸಾಲಿನ ತುದಿಗೊಂದು ಎಲೆ

ಕೀಬೋರ್ಡಿಗೆ ಕೈ ಹಚ್ಚುವ ಮೊದಲು ನಮ್ಮ ಕಂಪ್ಯೂಟರ್ ಅಕ್ಕೋರು ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈ ತನಕ ಸರಿಸುತ್ತಿದ್ದರು. ಅವು ಅಲ್ಲಿ ನಿಲ್ಲಬೇಕಲ್ಲ! ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಝಲ್ಲೆಂದು ಮುಂಗೈಗೆ ಜಾರುತ್ತಿದ್ದವು. "ಒಂದ್ ಕಡಿ ಸುಮ್ನ ಕುಂಡ್ರಾಕ ಬರೂದಿಲ್ಲೇನ?" ಎಂದು ಅಕ್ಕೋರು ಬಳೆಗಳನ್ನೂ ನಮ್ಮನ್ನೂ ಒಂದೇ ದನಿಯಲ್ಲಿ ಬೈಯುತ್ತಿದ್ದರು.

ಗದಗಿನಲ್ಲಿ ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಅವರ ಕ್ಲಾಸು. ಕೆಳಗೆ ಗಿರಣಿ ಶುರುವಾದರೆ ಮೇಲೆ ಮೌಸು ತಾನೇ ನಡೆಯುತ್ತಿತ್ತು. ಇದ್ದ ಕುರ್ಚಿಗಳಲ್ಲೆಲ್ಲ ನಾವೇ ಕುಳಿತಿರುತ್ತಿದ್ದೆವು, ಅಕ್ಕೋರದು ನಿಂತೇ ಪಾಠ. ಮದುವೆ ಸೀಮಂತಕ್ಕೆ ಹೋದರೂ ಅದೇ ಕಥೆ. ಸೆರಗು ಸಿಗಿಸಿ ಬಡಿಸಲು ನಿಲ್ಲುವರು, ಎಲ್ಲರ ಊಟ ಮುಗಿದ ಮೇಲೆ ಅಡುಗೆಯವರ ಹತ್ತಿರ ನಿಂತುಕೊಂಡೇ ಎರಡು ತುತ್ತು ಉಣ್ಣುವರು. ಕೂತುಕೊಳ್ಳಿರಿ ಎಂದರೆ, "ನಾ ಕುಂತ್ರ ನಿಮ್ಮನ್ನ ಯಾರ್ ನೋಡ್ಬೇಕು?" ಎಂದು ಬಾಯಿ ಮುಚ್ಚಿಸುವರು.

ನಮ್ಮಪ್ಪ ಬೆಟಗೇರಿಯ ನೇಕಾರ. ಮಗಳಾದ ನನ್ನನ್ನು ಕ್ಲಾಸಿಗೆ ಕಳಿಸಿದ್ದು ಅವ್ವನ ಕಾಟ ತಾಳಲಾರದೆ. ಒಂದು ದಿನ ಖಡಾಖಂಡಿತ ಹೇಳಿಬಿಟ್ಟ: "ಏನ್ ಕಲ್ತೀ, ನನ್ನ ಕಣ್ಣಿಗೆ ತೋರ್ಸು. ಇಲ್ಲಾಂದ್ರ ಕ್ಲಾಸ್ ಬಿಟ್ಟು ಮನ್ಯಾಗ ಇರು."

ನನಗೆ ಹಟ ಹುಟ್ಟಿತು. ಅಪ್ಪ ಚೌಕದ ಹಾಳೆಯಲ್ಲಿ ಬರೆದಿದ್ದ ಸೀರೆಯ ದಡಿಯನ್ನು, ಗೋಪುರಗಳ ಸಾಲಿದ್ದ ಆ ಅಂಚನ್ನು, ಟೆಕ್ಸ್ಟ್ ಫೈಲಿಗೆ ಇಳಿಸಿದೆ. ಬಣ್ಣದ ಎಳೆ ಬರುವಲ್ಲಿ ನಕ್ಷತ್ರ, ಉಳಿದಲ್ಲಿ ಚುಕ್ಕೆ. ಆ ಫೈಲನ್ನು ಒಂದೊಂದೇ ಅಕ್ಷರವಾಗಿ ಓದಿ ಟು-ಡಿ ಅರೇಗೆ, ಅಂದರೆ ಚೌಕಾಬಾರದ ಹಾಸಿನಂತೆ ಸಾಲುಸಾಲು ಮನೆಗಳಿರುವ ಜಾಗಕ್ಕೆ, ತುಂಬಬೇಕು. ನಕ್ಷತ್ರವಿದ್ದ ಮನೆಗೆ ಪರದೆಯ ಮೇಲೆ ಕೆಂಪು ಬಳಿಯಬೇಕು. ಅಪ್ಪನ ದಡಿ ಕಂಪ್ಯೂಟರಿನಲ್ಲಿ ಮೂಡಿದರೆ ನಾನು ಗೆದ್ದೆ.

ಪ್ರೋಗ್ರಾಮನ್ನು ಮೊದಲ ಸಲ ಪೂರ್ತಿ ಓಡಿಸಿದ್ದು ಅಪ್ಪ ಕ್ಲಾಸಿಗೆ ಬಂದು ನಿಂತ ಮೇಲೆಯೇ, ನನ್ನ ಭಂಡ ಧೈರ್ಯ ನೋಡಿ. ದಡಿಯೇನೋ ಮೂಡಿತು. ಆದರೆ ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಬಲಕ್ಕೆ ಜರುಗಿ, ಗೋಪುರಗಳೆಲ್ಲ ಕುಡಿದವರಂತೆ ವಾಲಿಕೊಂಡಿದ್ದವು.

"ಈ ಸೀರಿ ಉಟ್ಟಾಕಿ ಸೊಟ್ಟಗ ನಡೀಬೇಕು ನೋಡ್ರಿ," ಎಂದು ಅಪ್ಪ ಚಪ್ಪಲಿ ಮೆಟ್ಟಿದ. ನನಗೆ ಅಳುವೇ ಬಂತು.

"ತಡೀರಿ ಯಜಮಾನ್ರ, ಚಾ ಬರಾಕತ್ತೈತಿ," ಎಂದು ಅಕ್ಕೋರು ನನ್ನ ಪ್ರೋಗ್ರಾಮಿನ ಮೇಲೆ ಕಣ್ಣಾಡಿಸಿ ನಕ್ಕರು. ತಪ್ಪನ್ನು ಬಾಯಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ನಮ್ಮನ್ನೆಲ್ಲ ನೆಲದ ಮೇಲೆ ಪಂಕ್ತಿಯಾಗಿ ಕೂರಿಸಿದರು, ಅಪ್ಪನನ್ನೂ ಬಿಡಲಿಲ್ಲ. ಎದುರಿಗೊಂದೊಂದು ಹಾಳೆ ಹಾಸಿ, "ಇವು ಎಲಿ. ನೀವೆಲ್ಲಾ ಅಕ್ಷರ," ಎಂದರು. ಖಾಲಿ ಬಕೆಟ್ ಹಿಡಿದು ಬಡಿಸುತ್ತ ಹೋಗಿ ತುದಿಯಲ್ಲಿ ನಿಂತು ಕೂಗಿದರು: "ಸಾಲ್ ಮುಗೀತು! ಮುಂದಿನ ಸಾಲು!"

ಆಮೇಲೆ ನನ್ನ ಕಡೆ ತಿರುಗಿದರು. "ನಾ ಸಾಲು ಮುಗೀತಂತ ಕೂಗಾಕಿ, ಉಣ್ಣಾಕ ಬಂದಾಕಿ ಅಲ್ಲ. ನಿನ್ನ ಪ್ರೋಗ್ರಾಮಿನ್ಯಾಗ ನನಗೂ ಒಂದು ಎಲಿ ಹಾಕೀಯಲ್ಲಲೇ! ಮತ್ತ ಮುಂದಿನವ್ರು ಒಂದೊಂದು ಎಲಿ ಸರೀಲಾರದ ಏನ್ ಮಾಡ್ತಾರ?"

ತಲೆಗೆ ಹೊಕ್ಕಿತು. ಫೈಲಿನಲ್ಲಿ ಪ್ರತಿ ಸಾಲು ಮುಗಿದಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ನಾನು ಅದನ್ನೂ ಅಕ್ಷರವೆಂದು ಒಂದು ಮನೆಯಲ್ಲಿ ಕೂರಿಸಿದ್ದೆ. ಆ ಗುರುತು ಸಿಕ್ಕರೆ ಮನೆ ಕೊಡದೆ ಮುಂದೆ ಹೋಗು ಎಂದು ಪ್ರೋಗ್ರಾಮಿಗೆ ಹೇಳಿದೆ. ಗೋಪುರಗಳು ನೆಟ್ಟಗೆ ನಿಂತವು.

ಅಪ್ಪ ಕೈಯಲ್ಲಿದ್ದ ಚಹಾ ಆರುವ ತನಕ ನೋಡಿದ. "ನಾಳಿ ಸೆರಗಿನ ಚಿತ್ರಾನೂ ಕೊಟ್ಟು ಕಳಸ್ತೀನಿ," ಎಂದ. ನನ್ನ ಕ್ಲಾಸು ಉಳಿಯಿತು.

ಈಗ ನಾನು ಮುಂಡರಗಿಯ ಕಾಲೇಜಿನಲ್ಲಿ ಇದೇ ಪಾಠ ಹೇಳುತ್ತೇನೆ, ಹುಡುಗರನ್ನು ನೆಲಕ್ಕೆ ಕೂರಿಸಿಯೇ ಹೇಳುತ್ತೇನೆ. ನಾನು ಉಣ್ಣುವ ಅನ್ನ ಆ ಗಿರಣಿಯ ಮಾಳಿಗೆಯದು.

ಹೋದ ವರ್ಷ ನನ್ನ ಮದುವೆಗೆ ಅಕ್ಕೋರು ಬಂದರು, ಅಪ್ಪ ನೇಯ್ದು ಕೊಟ್ಟ ಅದೇ ದಡಿಯ ಸೀರೆ ಉಟ್ಟು. ಬಂದವರೇ ಸೆರಗು ಸಿಗಿಸಿ ಸಾರಿನ ಬಕೆಟ್ ಹಿಡಿದರು. ನಾನು ಕುಳಿತ ಪಂಕ್ತಿಯ ತುದಿಗೆ ಹೋಗಿ, ಬೇಕಂತಲೇ ನನ್ನತ್ತ ನೋಡುತ್ತ ಕೂಗಿದರು: "ಸಾಲ್ ಮುಗೀತು!"

ಮದುಮಗಳೆಂಬುದನ್ನೂ ಮರೆತು ಎದ್ದೆ. ಬಕೆಟ್ ಕಸಿದು ಅಪ್ಪನ ಕೈಗೆ ಕೊಟ್ಟು, ಅವರು ನಿಂತಲ್ಲೇ ಒಂದು ಬಾಳೆಲೆ ಹಾಸಿದೆ.

"ಏ ಹುಚ್ಚಿ, ಮುಂದಿನ ಸಾಲೆಲ್ಲಾ ಸರಿತೈತಿ!"

"ಸರೀಲಿ ಬಿಡ್ರಿ ಅಕ್ಕೋರ."

ಅಕ್ಕೋರು ಬಳೆಗಳನ್ನು ಮೊಣಕೈ ತನಕ ಸರಿಸಿ, ಉಣ್ಣಲು ಕುಳಿತರು.