ರಿಬ್ಬನ್ ಕಟ್ಟಿದ ಲೇಥು

ನಮ್ಮೂರ ಹೈಸ್ಕೂಲಿನಲ್ಲಿ ಮಕ್ಕಳು ಲೇಥಕ್ಕ ಅಂತ ಕರೆಯುವವರನ್ನು ನಾನು ಬಹಳ ದಿನ ಕಾವಲುಗಾರ್ತಿ ಅಂತಲೇ ತಿಳಿದಿದ್ದೆ. ಮೊಣಕಾಲುವರೆಗಿನ ನೀಲಿ ಕೋಟು, ಸೊಂಟದಲ್ಲಿ ಬೀಗದ ಕೈ, ವರ್ಕ್‌ಶಾಪಿನ ಬಾಗಿಲಲ್ಲಿ ಕುರ್ಚಿ, ಹತ್ತಿರ ಬಂದವರನ್ನು ಸುಟ್ಟುಬಿಡುವಂಥ ನೋಟ. ಇನ್ನೇನು ತಿಳಿಯಬೇಕು? ಹತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕಡೆದು, ಆ ಕೆಲಸವನ್ನು ಮಕ್ಕಳಿಗೆ ಕಲಿಸಲು ಬಂದ ಟೀಚರು ಅವರು ಅಂತ ಆಮೇಲೆ ಗೊತ್ತಾಯಿತು. ಕಾವಲಿಗೆ ಕೂರಿಸಿದ್ದು ಹೆಡ್‌ಮಾಸ್ತರು.

ಲೇಥು ಅಂದರೆ ಕಬ್ಬಿಣದ ಸರಳನ್ನು ಗರಗರ ತಿರುಗಿಸಿ, ಉಳಿ ತಾಗಿಸಿ ಕಡೆಯುವ ಯಂತ್ರ. ಶಾಲೆಗೆ ಹೊಸದು ಬಂದು ಎಂಟು ತಿಂಗಳಾಗಿತ್ತು. ಬಂದ ದಿನವೇ ಹೆಡ್‌ಮಾಸ್ತರು ಅದಕ್ಕೆ ಈ ತುದಿಯಿಂದ ಆ ತುದಿಗೆ ಕೆಂಪು ರಿಬ್ಬನ್ ಬಿಗಿಸಿದರು. ಮುಖ್ಯ ಅತಿಥಿಗಳು ಬಂದು ಕತ್ತರಿಸುವವರೆಗೆ ಯಾರೂ ಮುಟ್ಟಕೂಡದು. ಅತಿಥಿಗಳು ಮೂರು ಸಲ ದಿನ ಕೊಟ್ಟರು, ಮೂರು ಸಲವೂ ಕೈ ಕೊಟ್ಟರು. ಅಲ್ಲಿಯವರೆಗೆ ಹದಿನಾಲ್ಕು ಮಕ್ಕಳು ಬೋರ್ಡಿನ ಮೇಲೆ ಸೀಮೆಸುಣ್ಣದ ಲೇಥಿನಲ್ಲಿ ಸೀಮೆಸುಣ್ಣದ ಸರಳು ಕಡೆದರು.

ಬರುವ ಶುಕ್ರವಾರ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನ ಪರೀಕ್ಷಕರ ಎದುರು ಪ್ರತಿ ಮಗುವೂ ಒಂದೊಂದು ಸರಳನ್ನು ಅಳತೆಗೆ ಸರಿಯಾಗಿ ಕಡೆದು ಕೊಡಬೇಕು. ಫೇಲಾದರೆ ವರ್ಷ ಹೋಯಿತು.

"ಸಂಬಳ ಬರ್ತಿದೆಯಲ್ಲೇ, ಸುಮ್ನೆ ಕಾಯ್ಕೊಂಡು ಕೂತ್ಕೋ," ಅಂದರು ಮನೆಯಲ್ಲಿ ಲೇಥಕ್ಕನ ಅಕ್ಕ.

"ಕಾವು ಕೊಡೋಕೆ ಅದೇನು ಮೊಟ್ಟೇನಾ ಅಕ್ಕ? ಮರಿ ಹೊರಗೆ ಬರುತ್ತಾ?"

ಸೋಮವಾರ ಬೆಳಿಗ್ಗೆ ಲೇಥಕ್ಕ ನೇರ ಹೆಡ್‌ಮಾಸ್ತರ ಕೋಣೆಗೆ ನುಗ್ಗಿದರು. ಹೆಡ್‌ಮಾಸ್ತರು ಸ್ವಾಗತ ಭಾಷಣದ ನಾಲ್ಕನೇ ಕರಡು ತಿದ್ದುತ್ತಿದ್ದರು.

"ಸಾರ್, ರಿಬ್ಬನ್ ಬಿಚ್ಚಬೇಕು."

"ಸ್ವಲ್ಪ ತಾಳ್ಮೆ ಇರಲಿ ಮೇಡಂ. ಸಂಸ್ಥೆಯ ಗೌರವದ ಪ್ರಶ್ನೆ."

"ಶುಕ್ರವಾರ ಬೇರೆ ಪ್ರಶ್ನೆ ಕೇಳ್ತಾರೆ ಸಾರ್. ಮಕ್ಕಳು ಇನ್ನೂ ಯಂತ್ರದ ಹಿಡಿಕೆ ಮುಟ್ಟಿಲ್ಲ."

"ಬೋರ್ಡ್ ಮೇಲೆ ಚೆನ್ನಾಗಿ ಬರೀತಾರಲ್ಲ? ಪರೀಕ್ಷಕರಿಗೆ ಅದನ್ನೇ ತೋರಿಸೋಣ."

ಲೇಥಕ್ಕನಿಗೆ ಸಿಟ್ಟು ನೆತ್ತಿಗೇರಿತು. ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡರು.

"ಮೇಡಂ, ಅದು ನನ್ನ ಕತ್ತರಿ!"

"ಐದು ನಿಮಿಷದಲ್ಲಿ ತಂದುಕೊಡ್ತೀನಿ ಸಾರ್."

ಕಚಕ್ ಅಂದದ್ದು ಕಾರಿಡಾರಿನವರೆಗೆ ಕೇಳಿಸಿತಂತೆ. ಅವತ್ತಿನಿಂದ ನಾಲ್ಕು ದಿನ ಮಕ್ಕಳಿಗೆ ಊಟದ ಬಿಡುವೂ ಇಲ್ಲ. ಜಡೆ ಟೋಪಿಯೊಳಗೆ, ಅಂಗಿಯ ತೋಳು ಮೊಣಕೈ ಮೇಲೆ, ಕನ್ನಡಕ ಕಣ್ಣಿಗೆ. ಮೊದಲ ದಿನ ಹದಿನಾಲ್ಕರಲ್ಲಿ ಹನ್ನೊಂದು ಸರಳು ಬಾಳೆಕಾಯಿಯ ಹಾಗೆ ಡೊಂಕಾದವು.

"ಬೋರ್ಡ್ ಮೇಲೆ ನೆಟ್ಟಗೇ ಬರ್ತಿತ್ತು ಅಕ್ಕ," ಅಂದಳು ಒಬ್ಬ ಹುಡುಗಿ, ಅಳುವ ಹಾಗಾಗಿ.

"ಬೋರ್ಡು ಯಾರಿಗೂ ಎದುರು ಮಾತಾಡಲ್ಲಮ್ಮ. ಕಬ್ಬಿಣ ಮಾತಾಡುತ್ತೆ. ಇನ್ನೊಂದು ಸಲ ಹಿಡಿ."

ಶುಕ್ರವಾರ ಹನ್ನೆರಡು ಮಕ್ಕಳು ಪಾಸಾದರು. ಉಳಿದಿಬ್ಬರ ಸರಳು ಅಳತೆಗಿಂತ ಕೂದಲೆಳೆಯಷ್ಟು ದಪ್ಪ ಉಳಿದಿತ್ತು. ಎಂಟು ತಿಂಗಳಲ್ಲಿ ಎಂಟು ದಿನ ಸಿಕ್ಕಿದ್ದರೂ ಸಾಕಿತ್ತು ಅಂತ ಲೇಥಕ್ಕ ಈಗಲೂ ಹಲ್ಲು ಕಡಿಯುತ್ತಾರೆ. ಆ ಇಬ್ಬರು ದಿನಾ ಸಂಜೆ ಬಂದು ಮರುಪರೀಕ್ಷೆಗೆ ಕೈ ಪಳಗಿಸುತ್ತಿದ್ದಾರೆ.

ಮುಂದಿನ ವಾರ ಅತಿಥಿಗಳು ಕೊನೆಗೂ ದಯಮಾಡಿಸಿದರು. ಹೆಡ್‌ಮಾಸ್ತರು ಹೊಸ ರಿಬ್ಬನ್ ಕಟ್ಟಿಸಿದ್ದರು. ಅದನ್ನು ಕತ್ತರಿಸಿ, ಚಪ್ಪಾಳೆ ಮುಗಿದ ಮೇಲೆ ಅತಿಥಿಗಳು ಮಕ್ಕಳು ಕಡೆದ ಸರಳುಗಳನ್ನು ನೋಡಿದರು, ಯಂತ್ರದ ಕೆಳಗೆ ಬಿದ್ದಿದ್ದ ಕಬ್ಬಿಣದ ಸುರುಳಿಗಳನ್ನೂ ನೋಡಿದರು. ಹುಬ್ಬು ಗಂಟಾಯಿತು.

"ಅಲ್ಲಮ್ಮಾ, ಉದ್ಘಾಟನೆನೇ ಆಗದೆ ಈ ಯಂತ್ರ ಹೇಗೆ ತಿರುಗ್ತು?"

"ಕರೆಂಟಲ್ಲಿ ಸಾರ್," ಅಂದರು ಲೇಥಕ್ಕ.