ಕಣ್ಣಿನ ಮೂಲೆಯ ಚಿನ್ನ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಹೊಸಕೋಟೆಯ ಒಂದು ಸಣ್ಣ ನರ್ಸಿಂಗ್ ಹೋಮು. ಡಾಕ್ಟರ ಕೋಣೆಯ ಒಳಗೆ, ಬಾಗಿಲಿನ ಎಡಕ್ಕೆ, ತೂಕ ನೋಡುವ ಯಂತ್ರದ ಪಕ್ಕ. ಆರು ವರ್ಷದ ಹಿಂದೆ, ಗೌರಿ ಹಬ್ಬದ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಕೈಯಲ್ಲಿ ಬಟ್ಟೆಯ ಚೀಲ; ಅದರಲ್ಲಿ ಅಕ್ಕನಿಗೆಂದು ತವರಿನಿಂದ ತಂದಿದ್ದ ಹಸಿರು ಸೀರೆ, ಬಳೆ, ಅರಿಶಿನ ಕುಂಕುಮ. ಡಾಕ್ಟರ ಮೇಜಿಗೂ ನನಗೂ ನಾಲ್ಕು ಹೆಜ್ಜೆ. ಅಲ್ಲಿ ಆಡಿದ ಮಾತು ಕೇಳಿಸಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಹೋದ ಭಾನುವಾರ ಚೈತ್ರ ನಮ್ಮ ಮನೆಯ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಚೈತ್ರ ಆ ಅಕ್ಕನ ಮಗಳು, ಇಪ್ಪತ್ತೆರಡು ವರ್ಷ. ಸೋಂಪುರದಲ್ಲಿ ಕೆಲಸ ಸಿಕ್ಕಿದ ಮೇಲೆ ದಾಬಸ್‌ಪೇಟೆಯ ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ಬಲಗಣ್ಣಿನ ಮೂಲೆಯಲ್ಲಿ, ಮೂಗಿನ ಕಡೆಗೆ, ಹೆಸರುಬೇಳೆಯಷ್ಟು ಹಳದಿ ಮಚ್ಚೆ. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ, "ಓ, ಅಮ್ಮನ ಅದೃಷ್ಟ ಮಗಳಿಗೂ ಬಂತು ನೋಡ್ರೀ" ಎಂದಳು. ಸಂತೋಷದಿಂದಲೇ ಅಂದಳು. ನಾನು ಕಾಫಿ ಲೋಟ ಕೆಳಗಿಟ್ಟು, ಚೈತ್ರಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದೆ.

ಆ ಹಳದಿಯನ್ನು ನಮ್ಮ ಮನೆಯಲ್ಲಿ ಚಿನ್ನ ಎನ್ನುತ್ತಿದ್ದರು. ಅಪ್ಪನಿಗೆ ಎರಡೂ ಕಣ್ಣಿನ ಮೂಲೆಯಲ್ಲಿತ್ತು, ಸೋದರತ್ತೆಗೆ ಒಂದರಲ್ಲಿ. "ಬೇರೆಯವ್ರು ಚಿನ್ನ ಕಿವಿಗೆ ಹಾಕ್ಕೊತಾರೆ, ನಮ್ಗೆ ದೇವ್ರು ಕಣ್ಣಿಗೇ ಹಾಕವ್ನೆ ಕಣ್ಲಾ" ಎಂದು ಅಪ್ಪ ಜಂಬ ಕೊಚ್ಚುತ್ತಿದ್ದರು. ನನಗಿಲ್ಲವೆಂದು ನಾನು ಚಿಕ್ಕಂದಿನಲ್ಲಿ ಅರಿಶಿನ ಕಲಸಿ ಹಚ್ಚಿಕೊಂಡು, ಕಣ್ಣು ಉರಿಸಿಕೊಂಡು ಊರೆಲ್ಲ ಕೇಳುವಂತೆ ಅತ್ತಿದ್ದೆ. ಅಪ್ಪ ನಲವತ್ತಾರಕ್ಕೆ, ರಾಗಿ ಹೊಲದ ಬದುವಿನ ಮೇಲೆ ಕೂತವರು ಏಳಲಿಲ್ಲ. ಸೋದರತ್ತೆ ಐವತ್ತು ತುಂಬುವ ಮೊದಲು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅಪ್ಪನಿಗೆ ದೃಷ್ಟಿ ತಾಗಿತು ಅಂದರು, ಸೋದರತ್ತೆಗೆ ಬಿಸಿಲು ಅಂದರು. ಎರಡು ಸಾವನ್ನು ಪಕ್ಕಪಕ್ಕದಲ್ಲಿಟ್ಟು ಯಾರೂ ನೋಡಲಿಲ್ಲ.

ನಾನೂ ನೋಡಲಿಲ್ಲ, ನನಗಂತೂ ಅದಕ್ಕೆ ಕ್ಷಮೆಯಿಲ್ಲ. ನನ್ನ ಕೆಲಸವೇ ನೋಡುವುದು. ಸೋಂಪುರದ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ತಪಾಸಣೆ ಮಾಡುತ್ತೇನೆ. ಎಲ್ಲೋ ಒಂದು ಬೋಲ್ಟು ಮುರಿದರೆ ಅದು ಯಾವ ಸರಳಿನಿಂದ ಬಂತು, ಆ ಸರಳು ಒಟ್ಟಿಗೆ ತಯಾರಾದ ಯಾವ ಲಾಟಿನದು ಎಂದು ಹಿಂದಕ್ಕೆ ಹೋಗಿ, ಅದೇ ಲಾಟಿನ ಉಳಿದ ಬೋಲ್ಟುಗಳನ್ನೆಲ್ಲ ತೆಗೆಸಿ ನೋಡುತ್ತೇವೆ. ಎಲ್ಲವೂ ಕೆಟ್ಟಿರಬೇಕೆಂದಿಲ್ಲ. ಆದರೂ ನೋಡದೆ ಹೊರಗೆ ಬಿಡುವುದಿಲ್ಲ. ಒಂದು ಬೋಲ್ಟಿಗೆ ನಾನು ಕೊಟ್ಟ ಮರ್ಯಾದೆಯನ್ನು ನನ್ನ ಅಕ್ಕನಿಗೆ ಕೊಡಲಿಲ್ಲ.

ಅಕ್ಕನ ಹೆಸರು ಮಂಜುಳ. ಅವಳನ್ನು ಹೊಸಕೋಟೆ ಕಡೆಯ ಸಮೇತನಹಳ್ಳಿಗೆ ಕೊಟ್ಟಿದ್ದು. ಸಂಬಂಧ ಕೂಡಿಸುವಾಗ ಮೂರು ತಲೆಮಾರಿನ ಮನೆತನ ವಿಚಾರಿಸಿದರು. ಹೊಲ ಎಷ್ಟು, ದೇವರು ಯಾವುದು, ಯಾರ ಮನೆಯಿಂದ ಹೆಣ್ಣು ತಂದಿರಿ ಎಂದೆಲ್ಲ ಕೇಳಿದರು. ನಿಮ್ಮಲ್ಲಿ ಜನ ಯಾತರಿಂದ ಸಾಯುತ್ತಾರೆ ಎಂದು ಕೇಳಲಿಲ್ಲ. ಚೈತ್ರ ಹುಟ್ಟಿ ಕೆಲವು ವರ್ಷಕ್ಕೆ ಅಕ್ಕನ ಕಣ್ಣಿನ ಮೂಲೆಯಲ್ಲಿ ಹಳದಿ ಕಾಣಿಸಿತು. ಅದೇ ವರ್ಷ ಅವರ ಹೊಲದ ಬೋರಿನಲ್ಲಿ ನೀರು ಬಿತ್ತು. ಅವಳ ಅತ್ತೆ ಮುನಿಲಕ್ಷ್ಮಮ್ಮ, "ಸೊಸೆ ಕಣ್ಣಾಗೆ ಚಿನ್ನ ಬಂತು, ನಮ್ಮ ಬೋರಾಗೆ ಗಂಗಮ್ಮ ಬಂದ್ಲು" ಎಂದು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದರು.

ಆ ದಿನ ನಾನು ಬಾಗಿನ ಹಿಡಿದು ಹೋದಾಗ ಅಕ್ಕ ಜಗಲಿಯ ಮೇಲೆ ದವಡೆ ಹಿಡಿದುಕೊಂಡು ಕೂತಿದ್ದಳು. ಬೆವರು, ವಾಕರಿಕೆ, ಎರಡು ದಿನದಿಂದ ಸುಸ್ತು. ಎದೆನೋವು ಎಂದು ಅವಳು ಹೇಳಲಿಲ್ಲ. "ಏನಿಲ್ಲ ಕಣೋ, ಅವರೇಕಾಳು ಗ್ಯಾಸು" ಎಂದಳು. ಅವಳ ಅತ್ತೆ, ಆಗ ಹದಿನಾರರ ಚೈತ್ರ, ನಾನು ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಪೆನ್ನು ಹಿಡಿದು ಅಕ್ಕನನ್ನು ಕೇಳಿದರು:

"ನಿಮ್ಮ ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದ್ರೆ ಇತ್ತಾಮ್ಮಾ?"

ಅಕ್ಕ ಬಾಯಿ ತೆರೆಯುವ ಮೊದಲೇ ಮುನಿಲಕ್ಷ್ಮಮ್ಮ ಹೇಳಿದರು: "ನಮ್ಮನ್ಯಾಗಾ? ಯಾರ್ಗೂ ಇಲ್ಲ ಸ್ವಾಮಿ! ನಮ್ಮಾವ ತೊಂಬತ್ತಕ್ಕೆ ಹೋಗಿದ್ದು, ಅದೂ ಹಸ ಹಾಯ್ದು. ಕಲ್ಲು ಕಣಪ್ಪಾ ನಮ್ಮ ವಂಶ."

ಡಾಕ್ಟರು ಬರೆದುಕೊಂಡರು.

ಆಕೆ ಸುಳ್ಳು ಹೇಳಲಿಲ್ಲ. ಅದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಅಪ್ಪನ ಮಣ್ಣಿಗೆ ಬಂದು ನನ್ನ ತಾಯಿಯನ್ನು ತಬ್ಬಿಕೊಂಡು ಅತ್ತವರು ಅವರು, ಎಲ್ಲ ಗೊತ್ತಿತ್ತು. ಆದರೆ "ನಿಮ್ಮ ಮನೆ" ಎಂದರೆ ಅವರಿಗೆ ಅವರ ಮನೆ. ಮದುವೆಯಾಗಿ ಬಂದವಳ ಮನೆಯೂ ಅದೇ. ತಮ್ಮ ಮಾವನ ಗಟ್ಟಿ ಗುಂಡಿಗೆಯನ್ನು ಎಲ್ಲಿಂದಲೋ ಬಂದ ಸೊಸೆಯ ಎದೆಗೆ ದಾನ ಮಾಡಿಬಿಟ್ಟರು. ಧಾರೆ ನೀರಿನಲ್ಲಿ ಹುಡುಗಿಯ ಮನೆತನ ತೊಳೆದುಹೋಗುತ್ತದೆ ಎಂದು ನಂಬಿದ್ದೇವಲ್ಲ, ರಕ್ತವೂ ತೊಳೆದುಹೋಗುತ್ತದೆಯೇ? ಯಾವ ಪುರೋಹಿತರು ಹೇಳಿದ್ದು ಇದನ್ನು?

ಮತ್ತೆ ನಾನು? ತವರಿನ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ತವರಿನ ಬಗ್ಗೆ ಒಂದು ಮಾತು ಆಡಲಿಲ್ಲ. ಬೀಗರ ಮಾತಿಗೆ ಡಾಕ್ಟರ ಮುಂದೆ ಎದುರಾಡಬಾರದು ಎಂದುಕೊಂಡೆ. 'ರೋಗದ ಮನೆ ಹೆಣ್ಣು ಕೊಟ್ರಿ' ಎಂದು ಆಮೇಲೆ ಅಕ್ಕನನ್ನು ಆಡಿಕೊಂಡರೆ ಎಂದುಕೊಂಡೆ. ಅಕ್ಕ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ನಾನು ತೂಕದ ಯಂತ್ರದ ಮುಳ್ಳು ನೋಡುತ್ತಿದ್ದೆ.

ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ನಾಲ್ಕನೆಯ ದಿನ ಮಧ್ಯಾಹ್ನ ಹಸುವಿಗೆ ನೀರಿಡಲು ಹೋದ ಅಕ್ಕ ಕೊಟ್ಟಿಗೆಯಲ್ಲಿ ಬಿದ್ದಳು. ನಲವತ್ತೊಂದು ವರ್ಷ. ಆಮೇಲೆ ನಾನು ಹೋಗಿ ಡಾಕ್ಟರನ್ನು ಕೇಳಿದೆ. "ಅಪ್ಪ, ಸೋದರತ್ತೆ ಹೀಗೆ ಹೋಗಿದ್ರು ಅಂದಿದ್ರೆ ಅವತ್ತೇ ಬೆಂಗಳೂರಿಗೆ ಕಳಿಸ್ತಿದ್ದೆ. ಕೇಳಿದ್ನಲ್ರೀ" ಎಂದರು. ಕೇಳಿದ್ದರು. ಮೂರು ಸಾವಿಗೂ ಕಣ್ಣಿನ ಹಳದಿಗೂ ನಂಟಿದೆಯೇನೋ ಎಂಬ ಅನುಮಾನ ನನಗೆ ಆಗಲೇ ಹುಟ್ಟಿತ್ತು; ಆ ಹಳದಿಯನ್ನು ಅವರೂ ನೋಡಿದ್ದರು ಎಂದು ಹೇಳುವ ಧೈರ್ಯ ಬರಲಿಲ್ಲ. ಹಬ್ಬದ ಹಿಂದಿನ ದಿನವೇ ನಾನು ಅಪ್ಪನ ವಿಷಯ ಹೇಳಿದ್ದರೆ ಅಕ್ಕ ಉಳಿಯುತ್ತಿದ್ದಳೇ? ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಹೋದ ಸೋಮವಾರ ಚೈತ್ರಳನ್ನು ದಾಬಸ್‌ಪೇಟೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅವಳಿಗೆ ಗಂಡು ನೋಡುವ ಮಾತಿಗೆಂದು ಬಂದಿದ್ದ ಮುನಿಲಕ್ಷ್ಮಮ್ಮನೂ ಜೊತೆಗೆ ಹೊರಟರು. ಡಾಕ್ಟರು ಹೆಣ್ಣುಮಗಳು, ಚೈತ್ರಳ ಕಣ್ಣನ್ನು ಟಾರ್ಚು ಬಿಟ್ಟು ನೋಡಿ, ಅದೇ ಪ್ರಶ್ನೆ ಕೇಳಿದರು. ಅದೇ ಬಾಯಿ ಮೊದಲು ತೆರೆಯಿತು.

"ನಮ್ಮನ್ಯಾಗೆ ಯಾರ್ಗೂ..."

"ಇದೆ" ಎಂದೆ. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಹೊರಗೆ ಕೂತವರು ಇಣುಕಿದರು. "ಇವಳ ತಾಯಿ ನಲವತ್ತೊಂದಕ್ಕೆ. ತಾಯಿಯ ತಂದೆ ನಲವತ್ತಾರಕ್ಕೆ. ಅವರ ತಂಗಿ ಐವತ್ತರೊಳಗೆ. ಮೂವರ ಕಣ್ಣಲ್ಲೂ ಇದು ಇತ್ತು. ಬರ್ಕೊಳಿ ಮೇಡಂ."

"ಗಂಡಿನ ಕಡೆಯೋರ ಕಿವಿಗೆ ಬಿದ್ರೆ ಯಾರೋ ಕಟ್ಕೊತಾರೆ ಇವ್ಳನ್ನ? ಬಾಯಿ ಮುಚ್ಕೊಳೋ!" ಎಂದರು ಮುನಿಲಕ್ಷ್ಮಮ್ಮ.

"ಅವತ್ತು ಮುಚ್ಕೊಂಡಿದ್ನಲ್ಲಮ್ಮಾ" ಎಂದೆ.

ಚೈತ್ರ ಅಜ್ಜಿಯ ಕೈ ಹಿಡಿದುಕೊಂಡಳು. "ಹುಡುಗ ಆಮೇಲೆ ಅಜ್ಜಿ. ಮೊದ್ಲು ನಾನು ಇರ್ಬೇಕಲ್ವಾ?"

ಡಾಕ್ಟರು ನಿಧಾನವಾಗಿ ಹೇಳಿದರು. ಅದು ಚಿನ್ನವಲ್ಲ, ಕೊಬ್ಬು. ಕೆಲವು ಮನೆಗಳಲ್ಲಿ ರಕ್ತದಲ್ಲಿ ಕೊಬ್ಬು ಏರುವ ಗುಣ ತಾಯಿಯಿಂದಲೋ ತಂದೆಯಿಂದಲೋ ಬರುತ್ತದೆ; ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೆಯೂ ಇರಬಹುದು, ಕಣ್ಣಿನಲ್ಲಿ ಕಾಣದೆಯೂ ಇರಬಹುದು. "ಬಂದ್ರೆ ಸಾವು ಅಂತ ಅಲ್ಲ. ಗೊತ್ತಿದ್ರೆ ಮಾತ್ರೆ ಇದೆ, ಪಥ್ಯ ಇದೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ದು ನೋಡ್ಸಿದೀರಾ?" ಎಂದರು. ಅಕ್ಕನ ಲಾಟಿನ ಬೋಲ್ಟು ನಾನೇ. ನಲವತ್ತನಾಲ್ಕು ವರ್ಷ, ಒಮ್ಮೆಯೂ ತಪಾಸಣೆಯಿಲ್ಲ. ತೋಳು ಚಾಚಿದೆ.

ರಕ್ತ ಪರೀಕ್ಷೆಯಲ್ಲಿ ಇಬ್ಬರದೂ ಕೊಬ್ಬು ಹೆಚ್ಚಿತ್ತು. ಈಗ ಊಟವಾದ ಮೇಲೆ ಒಂದೇ ಚೊಂಬಿನ ನೀರಿನಲ್ಲಿ ನಾವಿಬ್ಬರೂ ಮಾತ್ರೆ ನುಂಗುತ್ತೇವೆ.

ಹೊಸಕೋಟೆಯ ಆ ಕೋಣೆಯಲ್ಲಿ 'ಯಾರ್ಗೂ ಇಲ್ಲ' ಎಂಬ ಮಾತಿಗೆ ಸಾಕ್ಷಿಯಾದವರಲ್ಲಿ ನಮ್ಮ ಕಡೆಯವರು ನಾಲ್ವರು. ಒಬ್ಬಳು ಹೋದಳು. ಮುನಿಲಕ್ಷ್ಮಮ್ಮ ಸಮೇತನಹಳ್ಳಿಯಲ್ಲಿ ಗಟ್ಟಿಯಾಗಿದ್ದಾರೆ, ಕೇಳಿದರೆ ಇಲ್ಲವೆನ್ನಲಾರರು. ನಾನಿದ್ದೇನೆ. ಮತ್ತೆ ಅವತ್ತು ತಾಯಿಯ ಚಪ್ಪಲಿ ಕೈಯಲ್ಲಿ ಹಿಡಿದು ಮೇಜಿನ ಪಕ್ಕದಲ್ಲೇ ನಿಂತಿದ್ದವಳು ಚೈತ್ರ. ಅವಳೂ ಇದ್ದಾಳೆ.